ಅವ್ವನ ಮೂರು ನೀರು

ನೀರಿನಿಂದ ಎತ್ತಿದ ಮೀನನ್ನು ಮತ್ತೆ ನೀರಿಗೇ ಯಾಕೆ ಹಾಕಬೇಕು ಎಂದು ನಾನು ಕೇಳಿದ ದಿನದಿಂದಲೇ ಅವ್ವನಿಗೂ ನನಗೂ ಜಗಳ. ಜಗಳ ಎಂದರೆ ನಾನೊಬ್ಬನೇ ಆಡಿದ್ದು. ಅವ್ವ ಜಗಳಕ್ಕೆ ಬರುವ ಹೆಂಗಸಾಗಿರಲಿಲ್ಲ. ಪಾತ್ರೆಯ ಮೇಲೆ ತಟ್ಟೆ ಮುಚ್ಚಿ, ಬೆಕ್ಕು ಉರುಳಿಸದಂತೆ ತಟ್ಟೆಯ ಮೇಲೊಂದು ಕಲ್ಲು ಹೇರಿ, "ನಾನನೀ ಅಯ್ಯೋರೇ" ಎನ್ನುತ್ತಿದ್ದಳು. ತೆಲುಗಿನಲ್ಲಿ ಹಾಗೆಂದರೆ ನೆನೆಯಲಿ ಬಿಡಿ ಎಂದು. ಅಷ್ಟು ಹೇಳಿ ಸೆರಗಿಗೆ ಕೈ ಒರೆಸಿಕೊಂಡು ಬೇರೆ ಕೆಲಸಕ್ಕೆ ಹೋದಳೆಂದರೆ ಇನ್ನು ಮೂರು ಗಂಟೆ ಆ ಕಲ್ಲನ್ನು ಯಾರೂ ಮುಟ್ಟುವಂತಿಲ್ಲ. ಹಸಿದವನು ಹಸಿದುಕೊಂಡೇ ಕೂರಬೇಕು.

ಹೋದ ತಿಂಗಳು ಆಕೆ ತೀರಿಕೊಂಡಳು. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು ಎನ್ನುತ್ತಾರೆ. ಹೇಳಲು ನನಗೇನೂ ಅಡ್ಡಿಯಿಲ್ಲ, ಬೇಕಾದಷ್ಟಿದೆ. ಆದರೆ ಆಯಮ್ಮ ಜ್ಞಾಪಕಕ್ಕೆ ಬಂದಾಗಲೆಲ್ಲ ನನಗೆ ಮೊದಲು ಬರುವುದು ಸಿಟ್ಟು. ಅರ್ಧ ಸಿಟ್ಟು ಅವಳ ಮೇಲೆ, ಮಿಕ್ಕರ್ಧ ನನ್ನ ಮೇಲೆ. ನನ್ನ ದೆಸೆಯಿಂದ ಆಕೆಯ ಕೆಲಸ ಹೋಯಿತು. ಇದನ್ನು ಕೊನೆಯವರೆಗೆ ಬಚ್ಚಿಟ್ಟು ಓದುವವರನ್ನು ಕಾಯಿಸುವ ಇಷ್ಟ ನನಗಿಲ್ಲ. ಕಾಯುವುದು ಎಂಥ ಹಿಂಸೆ ಎಂಬುದನ್ನು ಅವಳ ಹಿತ್ತಲಲ್ಲಿ ಕೂತೇ ಕಲಿತವನು ನಾನು.

ಶ್ರೀನಿವಾಸಪುರ ತಾಲ್ಲೂಕಿನಲ್ಲಿ ರಾಯಲ್ಪಾಡು ದಾಟಿ ಆಂಧ್ರದ ಗಡಿಯ ಕಡೆಗೆ ಹೋದರೆ ಸಿಗುವ ಒಂದು ಸಣ್ಣ ಊರು. ಅಲ್ಲಿನ ಸರ್ಕಾರಿ ಶಾಲೆಯಲ್ಲಿ ನಾನು ಲೆಕ್ಕದ ಮೇಷ್ಟ್ರಾಗಿದ್ದೆ, ಆಕೆ ಬಿಸಿಯೂಟದ ಅಡುಗೆಯವಳಾಗಿದ್ದಳು. ಆ ಕಡೆ ಅವ್ವ ಎಂದರೆ ಅಜ್ಜಿ. ಮಕ್ಕಳು ಹಾಗೆ ಕರೆಯುತ್ತಿದ್ದರು, ಅವರ ಬಾಯಿಂದ ನಮ್ಮ ಬಾಯಿಗೂ ಬಂದಿತ್ತು. ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವಳಿರಬಹುದು, ಅಷ್ಟೆ. ನಾನು ಮಾಲೂರು ತಾಲ್ಲೂಕಿನವನು, ಶಿವಾರಪಟ್ಟಣದ ಪಕ್ಕದ ಊರು. ಹೆಂಡತಿ ಮಕ್ಕಳು ಕೋಲಾರದಲ್ಲಿದ್ದರು. ನಾನು ಅವ್ವನ ಮನೆಯ ಪಕ್ಕದಲ್ಲೊಂದು ರೂಮು ಹಿಡಿದಿದ್ದೆ. ಎರಡೂ ಮನೆಗೆ ಒಂದೇ ಹಿತ್ತಲು, ಒಂದೇ ನುಗ್ಗೆಮರ, ಬಟ್ಟೆ ಒಗೆಯಲು ಒಂದೇ ಕಲ್ಲು. ಹಾಗಾಗಿ ಆಯಮ್ಮನಿಂದ ನನಗೆ ಶಾಲೆಯಲ್ಲೂ ಬಿಡುಗಡೆಯಿರಲಿಲ್ಲ, ಮನೆಯಲ್ಲೂ ಇರಲಿಲ್ಲ.

ಶಾಲೆಯಲ್ಲಿ ಆಕೆ ನೆನೆ ಹಾಕದೆ ಒಲೆಗೆ ಏರಿಸುತ್ತಿದ್ದ ಪದಾರ್ಥ ಒಂದೂ ಇರಲಿಲ್ಲ. ಬೇಳೆ ನೆನೆಯಬೇಕು, ಅಕ್ಕಿ ನೆನೆಯಬೇಕು. ಸೊಪ್ಪು ಉಪ್ಪುನೀರಿನಲ್ಲಿ ಬಿದ್ದಿರಬೇಕು, ಇಲ್ಲದಿದ್ದರೆ ಹುಳ ಬಿಡುವುದಿಲ್ಲ. ಒಂದು ಸಲ ತಾಲ್ಲೂಕಿನಿಂದ ಸಾಹೇಬರೊಬ್ಬರು ಬಿಸಿಯೂಟ ನೋಡಲು ಬಂದರು. ಊಟದ ಗಂಟೆ ಹೊಡೆದು ಮಕ್ಕಳು ತಟ್ಟೆ ಹಿಡಿದು ಕೂತಿವೆ, ಸಾರು ಇನ್ನೂ ಒಲೆಯ ಮೇಲೆ. ಹೆಡ್‌ಮಾಸ್ಟರು ಬೆವರು ಒರೆಸಿಕೊಳ್ಳುತ್ತ ಅಡುಗೆ ಕೋಣೆಗೂ ಆಫೀಸಿಗೂ ಓಡಾಡಿದರು. ಅವ್ವ ಸೌಟು ಕೆಳಗಿಡದೆ ಸಾಹೇಬರಿಗೇ ಹೇಳಿದಳು, ಒಂದು ಗಳಿಗೆ ಹಸ್ಕೊಂಡ್ರೆ ಯಾರೂ ಸಾಯಲ್ಲ, ಬೇಯದ ಬೇಳೆ ತಿಂದ್ರೆ ಮಗುಗೆ ಹೊಟ್ಟೆ ನೋವು ಬತ್ತದೆ ಎಂದು. ಸಾಹೇಬರು ನಕ್ಕರು. ಕಾದು ಕೂತು ಉಂಡು, ಇನ್ನೊಂದು ಸೌಟು ಹಾಕಿಸಿಕೊಂಡು ಹೋದರು. ಬೈಗುಳ ತಿಂದವನು ನಾನು, ಆ ದಿನ ಊಟದ ಉಸ್ತುವಾರಿ ನನ್ನದಾಗಿತ್ತು.

ಇನ್ನು ಆಕೆಯ ಸಹಿ. ಓದು ಬರಹ ಬರುತ್ತಿರಲಿಲ್ಲ. ಹೆಸರು ಬರೆಯಲು ಮಾತ್ರ ತವರಿನಲ್ಲಿ ಯಾರೋ ಕಲಿಸಿದ್ದರು, ತೆಲುಗು ಅಕ್ಷರದಲ್ಲಿ. ದಾಸ್ತಾನು ಪುಸ್ತಕದ ತುಂಬ ಕನ್ನಡ, ಕೆಳಗೆ ಗುಂಡಗೆ ತೆಲುಗು ಸಹಿ. ಕನ್ನಡದಲ್ಲಿ ಹಾಕಲು ಕಲಿಸುತ್ತೇನೆ, ನಾಲ್ಕೇ ಅಕ್ಷರ ಎಂದು ನಾನು ಎಷ್ಟೋ ಸಲ ಹೇಳಿದೆ. ಆಗಲಿ, ಆಗಲಿ ಎಂದು ತಲೆಯಾಡಿಸಿ ಮತ್ತೆ ತೆಲುಗಿನಲ್ಲೇ ಹಾಕುವಳು. ಕಲಿಯಲಾರದವಳಲ್ಲ, ಹಟ. ಮೊದಲು ಕಲಿತಿದ್ದು ಕೈಯಲ್ಲಿ ಕೂತುಬಿಟ್ಟಿದೆ, ಅದನ್ನು ಎಬ್ಬಿಸಿ ಕಳಿಸೋದು ಮರ್ಯಾದೆಯಲ್ಲ ಎನ್ನುತ್ತಿದ್ದಳು. ಇಂಥವರಿಗೆ ಏನು ಹೇಳುವುದು?

ಆ ಊರಿನ ಕೆರೆ ಬಹಳ ವರ್ಷ ಒಣಗಿತ್ತು. ಕೆರೆಯಂಗಳದಲ್ಲಿ ಜಾಲಿ ಬೆಳೆದು ಕುರಿ ಮೇಯುತ್ತಿದ್ದವು. ನಾನು ಅಲ್ಲಿಗೆ ಹೋದ ಎರಡನೆಯ ವರ್ಷ ಮಳೆ ಹಿಡಿದು ಹೊಡೆದು ಕೆರೆ ಕೋಡಿ ಬಿತ್ತು. ಯಾರೋ ಮೀನಿನ ಮರಿ ತಂದು ಬಿಟ್ಟರು. ಮಾರನೆಯ ವರ್ಷಕ್ಕೆ ಕಾಟ್ಲಾ, ಜಿಲೇಬಿ ಮೀನು, ಕೆಸರಿನ ಮೂಲೆಯಲ್ಲಿ ತಾನಾಗಿಯೇ ಹುಟ್ಟಿದ ಕೊರಮೀನು, ಎಲ್ಲ ಬಂದವು. ಮೊದಲ ಭಾನುವಾರ ಊರಿಗೆ ಊರೇ ಮೀನು ಸಾರು ಮಾಡಿತು. ಮಾಡಿದ ಸಾರನ್ನು ಊರಿಗೆ ಊರೇ ನಾಯಿಗೆ ಹಾಕಿತು. ಬಾಯಿಗಿಟ್ಟರೆ ಮಣ್ಣು. ಆ ಊರಿಗೆ ಸೊಸೆಯರಾಗಿ ಬಂದ ಹೆಂಗಸರಿಗೆ ಗೊತ್ತಿದ್ದದ್ದು ಮುಳಬಾಗಿಲಿನಲ್ಲಿ ಐಸಿನ ಮೇಲೆ ಮಲಗಿಸಿ ಮಾರುವ ಮೀನು. ಕೆರೆಯ ಮೀನನ್ನು ಏನು ಮಾಡಬೇಕೆಂದು ತಿಳಿದವರು ಒಬ್ಬೊಬ್ಬರೇ ಹೊರಟುಹೋಗಿ, ಉಳಿದಿದ್ದವಳು ಅವ್ವ ಒಬ್ಬಳೇ.

ಮುಂದಿನ ಭಾನುವಾರ ನಮ್ಮ ಹಿತ್ತಲಲ್ಲಿ ಪಾತ್ರೆಗಳ ಸಾಲು. ಅವ್ವ ಮೀನನ್ನು ಬೂದಿ ಹಚ್ಚಿ ಒರಟು ಕಲ್ಲಿಗೆ ಉಜ್ಜಿ ಪೊರೆ ತೆಗೆಯುವಳು. ಕಿವಿರಿನ ಒಳಗೆ ಬೆರಳು ಹಾಕಿ ಕೆಂಪು ಒಂದಿಷ್ಟೂ ಉಳಿಯದಂತೆ ಕಿತ್ತು ಬಿಸಾಕುವಳು. ಆಮೇಲೆ ಮೂರು ನೀರು. ಮೊದಲನೆಯದು ಉಪ್ಪು ಅರಿಶಿನದ ನೀರು, ಎರಡನೆಯದು ಅಕ್ಕಿ ತೊಳೆದ ನೀರು, ಮೂರನೆಯದು ಹುಣಸೆಹುಳಿ ಕಿವುಚಿದ ನೀರು. ಕೊರಮೀನಾದರೆ ಇನ್ನೂ ಕಷ್ಟ. ಅದನ್ನು ಜೀವಂತವಾಗಿಯೇ ಬಾನಿಯಲ್ಲಿ ಎರಡು ದಿನ ಬಿಟ್ಟು, ಬೆಳಿಗ್ಗೆ ಬೆಳಿಗ್ಗೆ ನೀರು ಬದಲಾಯಿಸಿ, ಹೊಟ್ಟೆಯ ಕೆಸರೆಲ್ಲ ಕಕ್ಕಿದ ಮೇಲೆ ಮುಂದಿನ ಮಾತು. ಕೆರೆ ಬಿಟ್ಟು ಬಂದಿದೆ, ಹೊಸದಾಗಿ ಬಂದ ಸೊಸೆ ಇದ್ದ ಹಾಗೆ, ಮನೆಗೆ ಹೊಂದಿಕೊಳ್ಳೋಕೆ ಹೊತ್ತು ಬೇಡ್ವಾ ಎನ್ನುತ್ತಿದ್ದಳು.

ಲೆಕ್ಕದ ಮೇಷ್ಟ್ರಾದ ನನಗೆ ಇದರಲ್ಲೊಂದು ಲೆಕ್ಕ ಬೇಕಾಗಿತ್ತು. ಎಷ್ಟು ನೀರಿಗೆ ಎಷ್ಟು ಉಪ್ಪು, ಯಾವ ಮೀನಿಗೆ ಎಷ್ಟು ಹೊತ್ತು. ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆಯಲು ಕೂತೆ. ಒಂದು ವಾರ ಕಾಟ್ಲಾ ಒಂದೂವರೆ ಗಂಟೆಯಲ್ಲೇ ನೀರಿನಿಂದ ಎದ್ದಿತು. ಮುಂದಿನ ವಾರ ಅಷ್ಟೇ ತೂಕದ ಕಾಟ್ಲಾ ಮೂರು ಗಂಟೆಯಾದರೂ ಏಳಲಿಲ್ಲ. ಯಾಕೆ ಎಂದರೆ, ಅದು ಬಂಡೆ ಪಕ್ಕದ್ದು, ಇದು ಜೊಂಡಿನೊಳಗಿನದು ಎಂದಳು. ಅದು ಹೇಗೆ ಗೊತ್ತಾಯಿತು ಎಂದರೆ ಪಾತ್ರೆಯ ನೀರಿಗೆ ಎರಡು ಬೆರಳು ಅದ್ದಿ ನನ್ನ ಮೂಗಿನ ಹತ್ತಿರ ಹಿಡಿದಳು. ನನಗೆ ಎರಡು ವಾರವೂ ಬಂದದ್ದು ಒಂದೇ ವಾಸನೆ, ಮೀನಿನದು. ಇದೆಲ್ಲ ಸುಮ್ಮನೆ ಬಡಾಯಿ, ಕಾಯಿಸುವುದೇ ಆಯಮ್ಮನ ಚಟ ಎಂದು ತೀರ್ಮಾನಿಸಿ ನೋಟ್‌ಬುಕ್ ಮುಚ್ಚಿದೆ.

ಅಷ್ಟಕ್ಕೇ ಬಿಡಲಿಲ್ಲ. ಒಂದು ದಿನ ಆಕೆ ಅಂಗಡಿಗೆ ಹೋದಾಗ ಎರಡನೆಯ ನೀರಿನಿಂದಲೇ ಮೂರು ತುಂಡು ಕದ್ದು ನನ್ನ ರೂಮಿನ ಗ್ಯಾಸಿನ ಮೇಲೆ ಹುರಿದು ತಿಂದೆ. ತಿಂದದ್ದನ್ನು ಯಾರಿಗೂ ಹೇಳಲಿಲ್ಲ. ಅವ್ವನೂ ಏನೂ ಕೇಳಲಿಲ್ಲ. ಮಾರನೆಯ ದಿನ ಶಾಲೆಯಲ್ಲಿ ಊಟ ಬಡಿಸುವಾಗ, ಎಲ್ಲ ಮೇಷ್ಟ್ರುಗಳ ಮುಂದೆ, ತಗ್ಗಿದ ದನಿಯಲ್ಲಿ ಕೇಳಿದಳು.

"ಮಣ್ಣು ರುಚಿಯಾಗಿತ್ತಾ ಅಯ್ಯೋರೇ?"

ಆಕೆಯ ಅಪ್ಪ ಬಲೆ ಕಟ್ಟುತ್ತಿದ್ದವನು. ಗಡಿಯ ಆಚೆ ಈಚೆ ಇರುವ ಗುಡ್ಡಗಳಲ್ಲಿ ಮೊಲ, ಕೌಜುಗ ಹಿಡಿದು ತರುತ್ತಿದ್ದನಂತೆ. ಆಗ ಕೇಳುವವರಿರಲಿಲ್ಲ. ಕಾಡಿನ ಮಾಂಸಕ್ಕೆ ಮೀನಿಗಿಂತ ಹೆಚ್ಚು ಹೊತ್ತು ಬೇಕು, ಅದು ಓಡಿ ಓಡಿ ರಕ್ತ ಬಿಗಿ ಹಿಡಿದಿರುತ್ತದೆ, ಉಪ್ಪುನೀರಿನಲ್ಲಿ ರಕ್ತ ಬಿಡಿಸಿ ಹುಳಿ ಮಜ್ಜಿಗೆಯಲ್ಲಿ ಅರ್ಧ ದಿನ ಮುಳುಗಿಸಿಟ್ಟರೆ ಮಾತ್ರ ಬಾಯಿಗಿಡಬಹುದು ಎಂದು ಆಕೆ ಹೇಳುವಾಗ ನನ್ನ ಬಾಯಲ್ಲಿ ನೀರೂರುತ್ತಿತ್ತು. ನನ್ನ ತಾತನೂ ಮೊಲ ತರುತ್ತಿದ್ದ. ಏಳೆಂಟು ವರ್ಷದವನಿದ್ದಾಗ ತಿಂದ ರುಚಿ ನಾಲಿಗೆಯ ಮೇಲೆ ಹಾಗೇ ಇತ್ತು. ಆಮೇಲೆ ಕಾನೂನು ಬಂತು, ತಾತ ಹೋದ, ಮೊಲದ ಸಾರು ಎಂದರೆ ಬರಿ ಮಾತಾಯಿತು. ನಲವತ್ತು ದಾಟಿದ ಮೇಷ್ಟ್ರು, ಮಕ್ಕಳಿಗೆ ಕಾಡುಪ್ರಾಣಿಗಳನ್ನು ಕೊಲ್ಲಬಾರದು ಎಂದು ಪಾಠ ಮಾಡುವವನು, ಒಳಗೊಳಗೆ ಇಂಥದ್ದೊಂದು ಆಸೆ ಇಟ್ಟುಕೊಂಡಿದ್ದೆ. ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ.

ಮತದಾರರ ಪಟ್ಟಿಯ ಕೆಲಸ ಇದ್ದುದರಿಂದ ಒಂದು ಭಾನುವಾರ ನಾನು ಕೋಲಾರಕ್ಕೆ ಹೋಗದೆ ಊರಲ್ಲೇ ಉಳಿದೆ. ಬೆಳಿಗ್ಗೆ ಮನೆಮನೆ ತಿರುಗುವಾಗ ಪಕ್ಕದ ಹಳ್ಳಿಯವನೊಬ್ಬ ಚೀಲ ಹಿಡಿದುಕೊಂಡು ಸಿಕ್ಕಿದ. ಚೀಲದಲ್ಲಿ ಮೊಲ. ಕೇಳಿದವನು ನಾನೇ, ಕೊಂಡವನೂ ನಾನೇ. ಯಾರೂ ನನ್ನ ಕೈ ಹಿಡಿದು ಕೊಡಿಸಲಿಲ್ಲ.

ಹಿತ್ತಲಿಗೆ ತಂದಾಗ ಅವ್ವ ಕೈಯಲ್ಲಿದ್ದ ಪೊರಕೆ ಕೆಳಗೆ ಹಾಕಿದಳು. ಇದೆಲ್ಲ ಈಗ ಆಗಲ್ಲ ಅಯ್ಯೋರೇ, ಕೇಸಾಗ್ತದೆ, ನೀವು ಸರ್ಕಾರಿ ನೌಕರಿಯವರು, ತಿರುಗಿ ಕೊಟ್ಟುಬನ್ನಿ ಎಂದಳು. ಸತ್ತ ಮೊಲವನ್ನು ಯಾರಿಗೆ ತಿರುಗಿ ಕೊಡುವುದು, ಈ ಊರಿಗೆ ಯಾರು ಬರುತ್ತಾರೆ, ನಾನಂತೂ ಬಿಸಾಕುವವನಲ್ಲ, ಮಾಡಿಕೊಡದಿದ್ದರೆ ನನಗೆ ಬಂದ ಹಾಗೆ ಬೇಯಿಸಿಕೊಳ್ಳುತ್ತೇನೆ ಎಂದು ಹಟ ಹಿಡಿದೆ. ಆ ಕೊನೆಯ ಮಾತೇ ಕೆಲಸ ಮಾಡಿದ್ದು. ನೆನೆಯದ ಮಾಂಸವನ್ನು ಯಾರಾದರೂ ಒಲೆಗೆ ಹಾಕುತ್ತಾರೆ ಎಂದರೆ ಆಯಮ್ಮನಿಗೆ ತಡೆಯುತ್ತಿರಲಿಲ್ಲ. ಗೊಣಗುತ್ತ ಕುಡುಗೋಲು ತಂದಳು. ಚರ್ಮ ಸುಲಿದು ನನ್ನ ಕೈಗೆ ಕೊಟ್ಟು, ನುಗ್ಗೆಮರದ ಬುಡದಲ್ಲಿ ಮೊಣಕೈಯುದ್ದ ಅಗೆದು ಹೂತುಬಿಡಿ ಎಂದಳು.

ನೆಲ ಕಲ್ಲಿನ ಹಾಗಿತ್ತು. ಎರಡು ಏಟು ಹಾಕಿ ನೋಡಿ ಸಾಕಾಗಿ, ಚರ್ಮವನ್ನು ಹಿತ್ತಲಾಚೆಯ ತಿಪ್ಪೆಗೆ ಎಸೆದು ಮೇಲೊಂದಿಷ್ಟು ಕಸ ಎಳೆದು ಬಂದೆ. ಹೂತಿರಾ ಎಂದು ಕೇಳಿದಳು. ಹೂಂ ಎಂದೆ.

ಮಧ್ಯಾಹ್ನ ಹನ್ನೆರಡಕ್ಕೆ ಕೇಳಿದೆ, ಇನ್ನೂ ಉಪ್ಪುನೀರು ಕೆಂಪಾಗೇ ಇದೆ ಎಂದಳು. ಒಂದೂವರೆಗೆ ಕೇಳಿದೆ, ನೀರು ಬದಲಾಯಿಸಿದ್ದೇನೆ ಎಂದಳು. ಎರಡೂವರೆಗೆ ಮಜ್ಜಿಗೆಗೆ ಹಾಕಿದಳು. ನಾನು ಹಿತ್ತಲ ಕಲ್ಲಿನ ಮೇಲೆ ಕೂತು ಪಟ್ಟಿಯ ಹಾಳೆಗಳನ್ನು ಮಗುಚುತ್ತ, ಐದೈದು ನಿಮಿಷಕ್ಕೆ ಆ ಪಾತ್ರೆಯ ಕಡೆ ನೋಡುತ್ತಿದ್ದೆ. ಅವಳ ಮೊಮ್ಮಗಳು ಆರನೆಯ ಕ್ಲಾಸಿನಲ್ಲಿದ್ದಳು, ಅಲ್ಲೇ ಕೂತು ಭಿನ್ನರಾಶಿಯ ಲೆಕ್ಕ ಮಾಡುತ್ತಿದ್ದಳು. ಸಾಕು ಅವ್ವಾ, ಒಲೆ ಹಚ್ಚು, ಸಂಜೆಯಾಗುತ್ತೆ ಎಂದು ನಾನು ರೇಗಿದೆ. ಬೆರಳು ಅದ್ದಿ ಮೂಸಿ ನೋಡಿ ತಲೆಯಾಡಿಸಿದಳು. "ನಾನನೀ."

ನಾಲ್ಕು ಗಂಟೆಗೆ ಅರಣ್ಯ ಇಲಾಖೆಯವರು ಇಬ್ಬರು ಬೈಕಿನಲ್ಲಿ ಬಂದರು. ಗುಡ್ಡದ ಕಡೆ ಬಲೆ ಕಟ್ಟಿದ್ದಾರೆಂದು ಯಾರೋ ದೂರು ಕೊಟ್ಟು, ಅದನ್ನು ವಿಚಾರಿಸಿಕೊಂಡು ವಾಪಸು ಹೋಗುತ್ತಿದ್ದವರು. ಬೀದಿಯಲ್ಲಿ ಎರಡು ನಾಯಿ ಒಂದು ಚರ್ಮ ಹಿಡಿದು ಎಳೆದಾಡುತ್ತಿದ್ದವು. ಬೈಕು ನಿಂತಿತು. ನಾಯಿಗಳು ಬಂದ ದಾರಿಯಲ್ಲಿ ತಿಪ್ಪೆ, ತಿಪ್ಪೆಯ ಪಕ್ಕ ನಮ್ಮ ಹಿತ್ತಲು, ಹಿತ್ತಲಲ್ಲಿ ಕಲ್ಲು ಹೇರಿದ ಪಾತ್ರೆ. ಮಧ್ಯಾಹ್ನವೇ ಬೇಯಿಸಿ ತಿಂದಿದ್ದರೆ ಪಾತ್ರೆ ತೊಳೆದು ಬೋರಲು ಹಾಕಿರುತ್ತಿತ್ತು. ಇಷ್ಟು ವರ್ಷ ನಾನು ಇದನ್ನೇ ಹೇಳಿಕೊಂಡು ಬಂದಿದ್ದೇನೆ. ಆಯಮ್ಮನ ನೆನೆ ಹಾಕುವ ಚಟವೇ ನಮ್ಮನ್ನು ಹಿಡಿದುಕೊಟ್ಟಿತು ಎಂದು. ತಿಪ್ಪೆಗೆ ಎಸೆದ ಚರ್ಮವನ್ನು ಆ ಲೆಕ್ಕಕ್ಕೆ ಸೇರಿಸಿಕೊಂಡಿರಲಿಲ್ಲ.

ಅವರಲ್ಲಿ ಒಬ್ಬ ತಟ್ಟೆ ಎತ್ತಿ ನೋಡಿ ಇದು ಯಾರದ್ದು ಎಂದ. ನಾನು ಎದ್ದು ನಿಂತಿದ್ದೆ. ಹೇಳಬೇಕೆಂದಿದ್ದೆನೋ ಇಲ್ಲವೋ ನನಗೇ ಗೊತ್ತಿಲ್ಲ, ಆ ಬಗ್ಗೆ ಸುಳ್ಳು ಬರೆಯಲಾರೆ. ನನ್ನ ನೌಕರಿ, ಕೋಲಾರದ ಮನೆ, ಮಕ್ಕಳ ಫೀಸು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಅಷ್ಟರಲ್ಲಿ ಅವ್ವ ಒಳಗಿನಿಂದ ಬಂದಳು.

"ನಂದೇ ಸಾಮಿ. ದಾರೀಲಿ ಸತ್ತು ಬಿದ್ದಿತ್ತು, ಎತ್ಕೊಂಡು ಬಂದೆ."

ಅವನು ನನ್ನ ಕಡೆ ತಿರುಗಿದ. ಮೇಷ್ಟ್ರು ನೀವಿಲ್ಲೇನು ಮಾಡ್ತಿದ್ದೀರಿ ಎಂದು ಕೇಳಿದ. ಅದಕ್ಕೂ ಅವಳೇ ಉತ್ತರ ಕೊಟ್ಟಳು. "ಅಯ್ಯೋರು ನಮ್ಮ ಹುಡುಗೀಗೆ ಲೆಕ್ಕ ಹೇಳ್ಕೊಡೋಕೆ ಬಂದವ್ರೆ." ಹುಡುಗಿ ಪುಸ್ತಕ ಹಿಡಿದು ಅಲ್ಲೇ ಕೂತಿತ್ತು. ಅವನು ನಂಬಿದ. ನಾನು ಹೌದು ಎಂದು ತಲೆಯಾಡಿಸಿದೆ. ಪಾತ್ರೆಯ ಸಮೇತ ಅವ್ವನನ್ನು ಕರೆದುಕೊಂಡು ಹೋದರು.

ರಾತ್ರಿಯಾಗುವ ಮುಂಚೆ ಬಿಟ್ಟು ಕಳಿಸಿದರು. ಆಮೇಲೆ ಎರಡು ಮೂರು ತಿಂಗಳು ಕರೆದಾಗಲೆಲ್ಲ ಹೋಗಿ ಬರಬೇಕಾಯಿತು. ತಪ್ಪೊಪ್ಪಿಕೊಂಡದ್ದಕ್ಕೆ ದಂಡ ಕಟ್ಟಿಸಿಕೊಂಡು ಕೊನೆಗೆ ಕೈಬಿಟ್ಟರು. ದಂಡ ನಾನು ಕೊಡುತ್ತೇನೆ ಎಂದು ಹೋದರೆ, ಕೊಟ್ಟರೆ ಯಾಕೆ ಕೊಟ್ಟರು ಅಂತ ಊರು ಕೇಳ್ತದೆ, ಸುಮ್ನಿರಿ ಎಂದು ಕಳಿಸಿದಳು.

ಅಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ಕೇಸಾದವಳು ಮಕ್ಕಳಿಗೆ ಅಡುಗೆ ಮಾಡಬಹುದೇ ಎಂದು ಯಾರೋ ಅರ್ಜಿ ಹಾಕಿದರು. ಅವಳ ಜಾಗಕ್ಕೆ ತಮ್ಮವರನ್ನು ತರುವ ಆಸೆ ಇದ್ದವರು ಹಾಕಿದ್ದು, ಎಲ್ಲರಿಗೂ ಗೊತ್ತಿತ್ತು. ಶಾಲಾಭಿವೃದ್ಧಿ ಸಮಿತಿಯ ಸಭೆ ಸೇರಿತು. ನನ್ನ ಕನ್ನಡದ ಅಕ್ಷರ ಗುಂಡಗಿದೆ ಎಂದು ಸಭೆಯ ನಡಾವಳಿ ಬರೆಯುವ ಕೆಲಸ ಯಾವಾಗಲೂ ನನ್ನದೇ. ಹೆಡ್‌ಮಾಸ್ಟರು ಹೇಳಿದರು, ನಾನು ಬರೆದೆ. ವನ್ಯಜೀವಿಗೆ ಸಂಬಂಧಿಸಿದ ಅಪರಾಧದಲ್ಲಿ ತಪ್ಪೊಪ್ಪಿಕೊಂಡಿರುವ ಕಾರಣ ಸದರಿಯವರನ್ನು ಅಡುಗೆ ಕೆಲಸದಿಂದ ಬಿಡುಗಡೆ ಮಾಡಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು. ಸರ್ವಾನುಮತ ಎಂಬ ಪದವನ್ನು ನಿಧಾನವಾಗಿ ಬರೆದೆ. ಒತ್ತಕ್ಷರವೂ ಸರಿಯಾಗಿಯೇ ಬಂತು. ಪುಸ್ತಕವನ್ನು ಅವ್ವನ ಮುಂದೆ ಹಿಡಿದವನೂ ನಾನೇ. ಎಲ್ಲಿ ಎಂದು ಕೇಳಿದಳು, ಬೆರಳಿಟ್ಟು ತೋರಿಸಿದೆ. ತೆಲುಗಿನಲ್ಲಿ ಸಹಿ ಹಾಕಿದಳು.

ಎದ್ದು ಹೋಗುವ ಮುಂಚೆ ಸೊಂಟದಿಂದ ಉಗ್ರಾಣದ ಬೀಗದ ಕೈ ಬಿಚ್ಚಿ ಮೇಜಿನ ಮೇಲಿಟ್ಟಳು. ಹೊಸಬಳು ಬರುವವರೆಗೆ ನಾಳೆಯ ಬೇಳೆಯನ್ನು ಯಾರಾದರೂ ಬಂದ ತಕ್ಷಣ ನೀರಿಗೆ ಹಾಕಿ ಎಂದಳು. ಅಷ್ಟೆ. ಅಳಲಿಲ್ಲ, ಬೈಯಲಿಲ್ಲ, ನನ್ನ ಕಡೆ ವಿಶೇಷವಾಗಿ ನೋಡಲೂ ಇಲ್ಲ. ನೋಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಬೈದಿದ್ದರೆ ತಿರುಗಿ ಒಂದು ಮಾತು ಆಡಬಹುದಿತ್ತು. ಆಯಮ್ಮ ಅದಕ್ಕೂ ಅವಕಾಶ ಕೊಡಲಿಲ್ಲ, ಈ ಸಿಟ್ಟು ನನಗೆ ಇವತ್ತಿಗೂ ಇದೆ.

ಒಂದು ವಾರ ಬಿಟ್ಟು ಹಿತ್ತಲಲ್ಲಿ ಆಕೆಯನ್ನು ಹಿಡಿದೆ. ನಾನು ನಾಳೆ ಹೋಗಿ ನಿಜ ಹೇಳಿಬಿಡುತ್ತೇನೆ, ಏನಾದರೂ ಆಗಲಿ ಎಂದೆ. ಬಟ್ಟೆ ಹಿಂಡುತ್ತಿದ್ದವಳು ಹಿಂಡುವುದನ್ನು ನಿಲ್ಲಿಸಲಿಲ್ಲ. ಆತುರ ಯಾಕೆ, ಇರಲಿ, ಆಮೇಲೆ ನೋಡೋಣ ಎಂದಳು. ನಾನು ಎರಡನೆಯ ಸಲ ಹೇಳಲಿಲ್ಲ. ಅವಳು ಬೇಡ ಎಂದಿದ್ದಾಳೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಕಳ್ಳನಿಗೊಂದು ಪಿಳ್ಳೆ ನೆವ.

ಆದರೆ ಆ ಹಿತ್ತಲಲ್ಲಿ ಇರುವುದು ಆಗಲಿಲ್ಲ. ಬೆಳಿಗ್ಗೆ ಎದ್ದರೆ ಆಕೆ ಕಾಣುತ್ತಿದ್ದಳು. ಶಾಲೆಗೆ ಹೊರಡುವ ಹೊತ್ತಿಗೆ ಟೊಮೇಟೊ ಬಿಡಿಸಲು ಕೂಲಿಗೆ ಹೊರಟಿರುತ್ತಿದ್ದಳು, ತಲೆಗೆ ಟವೆಲು ಸುತ್ತಿಕೊಂಡು. ಹೊಸ ಅಡುಗೆಯವಳು ಊಟವನ್ನು ಗಂಟೆ ಹೊಡೆಯುವ ಮುಂಚೆಯೇ ಸಿದ್ಧ ಮಾಡಿಡುತ್ತಿದ್ದಳು. ಬೇಳೆ ಹಲ್ಲಿಗೆ ಕಡಕ್ಕೆನ್ನುತ್ತಿತ್ತು, ಮಕ್ಕಳು ಸಾರನ್ನು ಬದಿಗೆ ತಳ್ಳಿ ಬರಿ ಅನ್ನ ತಿನ್ನುತ್ತಿದ್ದವು. ಭಾನುವಾರಗಳಲ್ಲಿ ಮಾತ್ರ ಹೆಂಗಸರು ಹಿಂದಿನಂತೆಯೇ ಪಾತ್ರೆ ಹಿಡಿದು ಬರುತ್ತಿದ್ದರು, ಅವ್ವ ಹಿಂದಿನಂತೆಯೇ ಬೆರಳು ಅದ್ದಿ ಮೂಸಿ ಕಾಯಿಸುತ್ತಿದ್ದಳು. ಅವಳ ಕೈ ಕಾಡುಮಾಂಸ ಮುಟ್ಟಿದ ಕೈ ಎಂದು ಸಭೆಯಲ್ಲಿ ಕೈ ಎತ್ತಿದವರ ಮನೆಯ ಮೀನೂ ಅಲ್ಲೇ ಇರುತ್ತಿತ್ತು.

ಆ ವರ್ಷ ಪರೀಕ್ಷೆ ಮುಗಿಯುತ್ತಲೇ ವರ್ಗಕ್ಕೆ ಅರ್ಜಿ ಹಾಕಿ ಮುಳಬಾಗಿಲಿನ ಹತ್ತಿರದ ಶಾಲೆಗೆ ಹಾಕಿಸಿಕೊಂಡೆ. ಹೇಳಲು ಹೋದಾಗ ಆಕೆ ಕೊರಮೀನಿನ ಬಾನಿಯ ನೀರು ಚೆಲ್ಲುತ್ತಿದ್ದಳು. ಮಾತು ಕೇಳಿ ಬಾನಿಯನ್ನು ಕೆಳಗಿಟ್ಟಳು. ಮೀನು ನೀರಿಲ್ಲದೆ ಬಡಿದುಕೊಳ್ಳುತ್ತಿತ್ತು, ಅದನ್ನೂ ಗಮನಿಸಲಿಲ್ಲ. ಯಾವಾಗ ಎಂದು ಕೇಳಿದಳು. ಸೋಮವಾರ ಎಂದೆ.

"ನಿಮ್ಮ ಬದ್ಲು ಯಾರು ಬತ್ತಾರೆ?"

ಯಾರಾದರೂ ಬರುತ್ತಾರೆ ಎಂದೆ. ನನಗೆ ಬೇಜಾರಾಯಿತು. ಇಷ್ಟು ವರ್ಷ ಪಕ್ಕದಲ್ಲಿದ್ದವನು ಹೊರಟಿದ್ದೇನೆ, ಹೋಗಿ ಬನ್ನಿ ಎನ್ನದೆ, ಬರುವವರು ಯಾರು ಎಂದು ಕೇಳುತ್ತಾಳಲ್ಲ ಎಂದುಕೊಂಡೆ. ಬಸ್ಸಿನಲ್ಲಿ ಕೂತ ಮೇಲೂ ಅದೇ ಕೊರೆಯುತ್ತಿತ್ತು.

ಐದು ವರ್ಷ ಆ ಕಡೆ ತಲೆ ಹಾಕಲಿಲ್ಲ. ಹೋದ ತಿಂಗಳು ಆಕೆಯ ಸೊಸೆ ಫೋನು ಮಾಡಿದಳು. ಅತ್ತೆ ಹೋದರು, ಹನ್ನೊಂದನೆಯ ದಿನದ ತಿಥಿಗೆ ಬನ್ನಿ ಸಾರ್ ಎಂದಳು. ನನ್ನ ನಂಬರು ಹೇಗೆ ಸಿಕ್ಕಿತು ಎಂದರೆ, ಅತ್ತೆ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಸಿಟ್ಟಿದ್ದರು ಎಂದಳು. ಹೋಗುವುದೋ ಬೇಡವೋ ಎಂದು ಎರಡು ದಿನ ಒದ್ದಾ​ಡಿ ಹೊರಟೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಈ ಸಲ ಹೇಳಿಬಿಡಬೇಕು. ಇನ್ನು ಬೇಡ ಎನ್ನಲು ಅವ್ವ ಇಲ್ಲ, ನೆವಕ್ಕೂ ಯಾರೂ ಇಲ್ಲ. ಆಗುವುದೇನಿದ್ದರೂ ಆಗಲಿ, ಊರಿನ ಮುಂದೆ ಆಕೆಯ ಹೆಸರು ತೊಳೆಯಬೇಕು.

ಎಡೆಗೆ ಸೊಸೆ ಮೀನು ಸಾರು ಮಾಡಿದ್ದಳು. ಮೂರು ನೀರೂ ಆಗಿತ್ತಂತೆ, ಬೆಳಗಿನ ಜಾವವೇ ಎದ್ದು ಶುರು ಮಾಡಿದ್ದಳಂತೆ. ಎಡೆ ಇಟ್ಟು ಕೈ ಮುಗಿದು, ಹಿತ್ತಲಲ್ಲೇ ಪಂಕ್ತಿ ಹಾಕಿದರು. ಸಮಿತಿಯಲ್ಲಿದ್ದವರು ಇಬ್ಬರು ನನ್ನ ಎದುರಿಗೇ ಕೂತಿದ್ದರು. ಸೊಸೆ ಮುದ್ದೆ ಇಟ್ಟು ಸಾರಿನ ಪಾತ್ರೆ ಹಿಡಿದು ನನ್ನ ಮುಂದೆ ಬಂದಾಗ ನಾನು ಗಟ್ಟಿಯಾಗಿ, ಎಲ್ಲರಿಗೂ ಕೇಳಿಸಲೆಂದೇ ಹೇಳಿದೆ.

"ಅಮ್ಮಾ, ಆವತ್ತಿನ ಮೊಲ ತಂದಿದ್ದು ನಾನು. ಅವ್ವ ಅಲ್ಲ."

ಐದು ವರ್ಷ ಎದೆಯಲ್ಲಿಟ್ಟುಕೊಂಡು ತಿರುಗಿದ ಮಾತು. ಏನೇನೋ ಆಗುತ್ತದೆ ಎಂದುಕೊಂಡಿದ್ದೆ. ಯಾರೂ ಮುದ್ದೆ ಮುರಿಯುವುದನ್ನು ನಿಲ್ಲಿಸಲಿಲ್ಲ. ಎದುರಿಗಿದ್ದವರಲ್ಲಿ ಒಬ್ಬ ಉಪ್ಪು ಕೇಳಿದ.

"ಗೊತ್ತು ಸಾರ್," ಎಂದಳು ಸೊಸೆ. "ಕೊಟ್ಟೋನು ಆವತ್ತೇ ಹೇಳಿದ್ದ. ಊರಿಗೆಲ್ಲ ಗೊತ್ತು."

ಹಾಗಾದರೆ ಯಾರೂ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ. ಅವಳು ಪಾತ್ರೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.

"ಅತ್ತೆ ಮನೆಮನೆಗೂ ಹೋಗಿ ಹೇಳಿ ಬಂದಿದ್ರು ಸಾರ್. ಅಡುಗೆಗೆ ನಾನಲ್ದಿದ್ರೆ ಇನ್ನೊಬ್ಳು ಸಿಗ್ತಾಳೆ. ಲೆಕ್ಕಕ್ಕೆ ಈ ಅಯ್ಯೋರು ಹೋದ್ರೆ ಈ ಮೂಲೆಗೆ ಇನ್ನೊಬ್ರು ಬರಲ್ಲ, ನಮ್ಮ ಮಕ್ಕಳ ಗತಿ ಏನು ಅಂತ."

ಬಿಸಿ ಮುದ್ದೆ ಮುರಿದ ಕೈ ಎಲೆಯ ಮೇಲೆ ಹಾಗೇ ನಿಂತಿತು. ಸುಡುತ್ತಿದ್ದದ್ದು ತಡವಾಗಿ ಗೊತ್ತಾಯಿತು. ಆಕೆ ಕೆಲಸ ಬಿಟ್ಟದ್ದು ನನ್ನನ್ನು ಉಳಿಸಲು ಎಂದು ನಾನು ತಿಳಿದಿದ್ದೆ. ಆಕೆ ಉಳಿಸಿಕೊಂಡದ್ದು ಶಾಲೆಗೊಬ್ಬ ಮೇಷ್ಟ್ರನ್ನು. ಆ ಮೇಷ್ಟ್ರು ಮುಖ ತೋರಿಸಲು ನಾಚಿ ವರ್ಷ ತುಂಬುವ ಮುಂಚೆಯೇ ಅರ್ಜಿ ಹಾಕಿ ಹೊರಟುಹೋದ. ಒಂದು ಮಾತು, ಒಂದೇ ಒಂದು ಮಾತು ಬಾಯಿ ಬಿಟ್ಟು ಹೇಳಿದ್ದರೆ ನಾನು ಹೋಗುತ್ತಿರಲಿಲ್ಲ ಎಂದು ಆಯಮ್ಮನ ಮೇಲೆ ಕೂಗಾಡಬೇಕೆನಿಸಿತು. ಕೂಗಾಡಲು ಅಲ್ಲಿ ಇದ್ದದ್ದು ಹಾರ ಹಾಕಿದ ಫೋಟೋ ಒಂದೇ.

ನಾನು ಹೋದ ಮೇಲೆ ಯಾರು ಬಂದರು ಎಂದು ಕೇಳಿದೆ.

"ಮೂರು ವರ್ಷ ಯಾರೂ ಬರ್ಲಿಲ್ಲ ಸಾರ್. ನಮ್ಮ ಹುಡುಗಿ ಹತ್ತನೇ ಕ್ಲಾಸಿನಲ್ಲಿ ಲೆಕ್ಕದಲ್ಲೇ ಹೋದ್ಲು, ಎರಡು ಸಲ ಕಟ್ಟಿದ್ರೂ ಆಗ್ಲಿಲ್ಲ." ಟೊಮೇಟೊ ರೇಟು ಹೇಳಿದಷ್ಟು ಸಲೀಸಾಗಿ ಹೇಳಿದಳು. "ಸಾರು ಹಾಕ್ಲಾ?"

ಹಾಕಮ್ಮ ಎಂದೆ. ಹಾಕಿ ಮುಂದಿನ ಎಲೆಗೆ ಹೋದಳು. ಅವಳ ಹಿಂದೆಯೇ ಅವ್ವನ ಮೊಮ್ಮಗಳು ಕೊಡ ಹಿಡಿದು ಬಂದಳು. ಎತ್ತರವಾಗಿದ್ದಾಳೆ, ಬೆರಳುಗಳಲ್ಲಿ ಟೊಮೇಟೊ ಗಿಡದ ಹಸಿರು ಕಲೆ. ಬಗ್ಗಿ ನನ್ನ ಲೋಟಕ್ಕೆ ನೀರು ಹಾಕಿ "ನಮಸ್ತೆ ಸಾರ್" ಎಂದಳು, ಕ್ಲಾಸಿಗೆ ನಾನು ಬಂದಾಗ ಎದ್ದು ನಿಂತು ಹೇಳುತ್ತಿದ್ದ ಅದೇ ದನಿಯಲ್ಲಿ. ನಾನು ಎಲೆಯ ಕಡೆಗೇ ನೋಡಿಕೊಂಡು, ಚೆನ್ನಾಗಿದ್ದೀಯೇನಮ್ಮ ಎಂದು ಕೇಳಿದೆ.